ಮಣ್ಣು ಕುಡಿಯುತ್ತದೆ, ತಗಡು ಕುಡಿಯುವುದಿಲ್ಲ

ನಮ್ಮಲ್ಲಿ ಸುಡುವುದಿಲ್ಲ. ಸತ್ತವರನ್ನು ಕೂರಿಸಿ, ಹಣೆಗೆ ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗ ಇಟ್ಟು ಮಣ್ಣು ಮಾಡುತ್ತೇವೆ. ಅಜ್ಜ, ಅಜ್ಜಿ, ಅಪ್ಪ, ಅಮ್ಮ ಎಲ್ಲರೂ ಹಾಗೇ ಹೋದರು. ಬೂದಿ ಎಂದರೆ ನನಗೆ ಗೊತ್ತಿದ್ದದ್ದು ದೇವರ ಮನೆಯ ವಿಭೂತಿ ಗಟ್ಟಿ ಒಂದೇ. ಒಣಗಿದ್ದು, ಬೆಳ್ಳಗಿದ್ದು, ಮುಟ್ಟಿದರೆ ಬೆರಳಿಗೆ ನುಣ್ಣಗೆ ಹತ್ತುವಂಥದ್ದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ನಾನು ಮಾಡಿದ ತಪ್ಪು ಶುರುವಾದದ್ದೇ ಅಲ್ಲಿಂದ.

ಚಾಮರಾಜಪೇಟೆಯಲ್ಲಿ ನನಗೆ ಬೀರು ಮಾಡುವ ಶೆಡ್ ಇದೆ. ಅಪ್ಪ ಶುರು ಮಾಡಿದ್ದು. ನಗರ್ತಪೇಟೆಯ ಅಂಗಡಿಗಳಿಗೆ ಕಬ್ಬಿಣದ ರ‍್ಯಾಕು, ಮದುವೆ ಮನೆಗಳಿಗೆ ಕನ್ನಡಿ ಇರುವ ಬೀರು. ಅಪ್ಪ ಹೋದ ಮೇಲೆ "ಹೆಣ್ಣುಮಗಳು, ತಗಡಿನ ವ್ಯಾಪಾರ ಏನು ಮಾಡ್ತಾಳೆ" ಎಂದವರ ಮನೆಗಳಲ್ಲೂ ಈಗ ನನ್ನ ಬೀರುಗಳೇ ನಿಂತಿವೆ. ಅದರಿಂದ ನನಗೆ ಸ್ವಲ್ಪ ಜಂಬ ಬಂದಿತ್ತು. ಸ್ವಲ್ಪ ಏನು ಬಂತು, ಜಾಸ್ತಿಯೇ ಬಂದಿತ್ತು.

ಒಂದು ದಿನ ಬೆಳಿಗ್ಗೆ ಚಾಮರಾಜಪೇಟೆಯ ರುದ್ರಭೂಮಿಯನ್ನು ನೋಡಿಕೊಳ್ಳುವ ಸಮಿತಿಯ ಹಿರಿಯರು ಶೆಡ್ಡಿಗೆ ಬಂದರು. ಎಂಬತ್ತರ ಹತ್ತಿರದವರು, ಬಿಳಿ ಪಂಚೆ, ಕೈಯಲ್ಲಿ ಕೊಡೆ.

"ಏನಮ್ಮಾ, ನಮಗೊಂದು ಬೀರು ಮಾಡ್ಕೊಡ್ಬೇಕಲ್ಲ. ಬಟ್ಟೆ ಇಡೋಕಲ್ಲ, ಅಸ್ಥಿ ಇಡೋಕೆ."

ವಿಷಯ ಇಷ್ಟು. ಸುಟ್ಟ ಮೂರನೇ ದಿನ ಮನೆಯವರು ಅಸ್ಥಿ ಆರಿಸಿ ಮಣ್ಣಿನ ಮಡಕೆಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟುತ್ತಾರೆ. ಹೊಳೆಗೆ ಬಿಡುವವರೆಗೆ ಅದನ್ನು ಮನೆಯೊಳಗೆ ತರುವಂತಿಲ್ಲ, ನೆಲದ ಮೇಲೂ ಇಡುವಂತಿಲ್ಲ. ಅದಕ್ಕೆ ಸ್ಮಶಾನದ ಅರಳಿಮರದ ಕೊಂಬೆಗಳಿಗೆ ಕಟ್ಟಿ ತೂಗಹಾಕುತ್ತಿದ್ದರು. ಗಾಳಿಮಳೆಗೆ ದೊಡ್ಡ ಕೊಂಬೆಯೊಂದು ಮುರಿದು ಬಿತ್ತು, ಉಳಿದದ್ದನ್ನು ಕಡಿಸಿದರು. ಈಗ ಮಡಕೆಗಳು ಕಾವಲು ಕೋಣೆಯ ಕಿಟಕಿ ಸರಳಿಗೆ ನೇತಾಡುತ್ತಿದ್ದವು.

"ಮರದಲ್ಲಿದ್ದಾಗ ಗಾಳಿ ಆಡ್ತಿತ್ತು" ಎಂದರು ಹಿರಿಯರು.

"ಸ್ವಾಮಿ, ಗಾಳಿ ಆಡೋ ಬೀರು ಎಲ್ಲಾದ್ರೂ ಉಂಟಾ? ನಾನು ಮಾಡಿದ ಬಾಗಿಲಲ್ಲಿ ಇರುವೆ ಕೂಡ ನುಗ್ಗಲ್ಲ, ನೋಡ್ತಿರಿ" ಎಂದೆ.

ಮಡಕೆಯೊಳಗೆ ಏನಿರುತ್ತದೆ, ಹೇಗಿರುತ್ತದೆ ಎಂದು ಒಂದು ಮಾತು ಕೇಳಲಿಲ್ಲ. ಬೂದಿ ತಾನೇ, ಕೇಳುವುದೇನು! ಮೂರು ವಾರದಲ್ಲಿ ಇಪ್ಪತ್ತನಾಲ್ಕು ಗೂಡುಗಳ ಬೀರು ನಿಲ್ಲಿಸಿದೆ. ನಾಲ್ಕು ಸಾಲು, ಸಾಲಿಗೆ ಆರು. ಬೀರುವಿಗೆ ಹಾಕುವ ಒಳ್ಳೆ ದಪ್ಪ ತಗಡು, ಬೂದು ಬಣ್ಣದ ಪೌಡರ್ ಕೋಟಿಂಗ್, ಬ್ಯಾಂಕಿನ ಲಾಕರಿನ ಹಾಗೆ ಒಂದೊಂದು ಬಾಗಿಲಿಗೂ ಒಳಬೀಗ. ಹಿರಿಯರು ಬಾಗಿಲು ಹಾಕಿ ತೆಗೆದು ನೋಡಿ ತಲೆದೂಗಿದರು. ನಾನು ಬೀಗಿದೆ.

ನನಗೊಬ್ಬಳು ಗೆಳತಿ. ಮಲ್ಲೇಶ್ವರಂನವಳು. ಕಾಲೇಜಿನ ಮೊದಲ ದಿನ ಒಂದೇ ಬೆಂಚಿನಲ್ಲಿ ಕೂತವರು, ನಲವತ್ತು ವರ್ಷವಾದರೂ ಎದ್ದಿಲ್ಲ. ಅವರದು ಮಾಗಡಿ ಕಡೆಯ ರಾಗಿ ಬೆಳೆಯುವ ಮನೆತನ, ಅವಳ ತಾತನ ಕಾಲಕ್ಕೆ ಊರು ಬಿಟ್ಟು ಬಂದದ್ದು. ಅವಳು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತಳಾದಳು. ಅವರಮ್ಮ ಅವಳ ಜೊತೆಗೇ ಇದ್ದರು. ಮದುವೆಯಾಗುವವರೆಗೂ ಆ ಮನೆಯಲ್ಲಿ ನಾನು ತಿಂದ ಮುದ್ದೆಗೆ ಲೆಕ್ಕವಿಲ್ಲ. "ಲಿಂಗಾಯ್ತರ ಹುಡುಗಿ ಬಂದವ್ಳೆ, ಬಸ್ಸಾರು ಬೇರೆ ಪಾತ್ರೇಲಿ ಎತ್ತಿಡು" ಎಂದು ಕೂಗಿ ಹೇಳುತ್ತಿದ್ದರು ಆ ತಾಯಿ.

ಅವರು ಈ ಸಲದ ಜ್ಯೇಷ್ಠದಲ್ಲಿ ಹೋದರು. ಗೆಳತಿ ಒಬ್ಬಳೇ ಮಗಳು. ಅವಳೇ ಕೊಳ್ಳಿ ಇಟ್ಟಳು. ಮೂರನೇ ದಿನ ಹಾಲುತುಪ್ಪ ಮುಗಿಸಿ ಮಡಕೆ ಹಿಡಿದು ನಿಂತಾಗ ಅವರ ಕಡೆಯ ಸ್ಮಶಾನದಲ್ಲಿ ಇಡಲು ಸರಿಯಾದ ಜಾಗವಿರಲಿಲ್ಲ. ನಾನು ಫೋನಿನಲ್ಲೇ ಜಂಬ ಕೊಚ್ಚಿದೆ: "ನನ್ನ ಗೂಡು ಇರೋವಾಗ ಅಮ್ಮನ್ನ ಎಲ್ಲೆಲ್ಲೋ ಯಾಕೇ ಇಡ್ತೀಯ? ಚಾಮರಾಜಪೇಟೆಗೆ ತಗೊಂಡ್ಬಂದ್ಬಿಡು."

ಹದಿನಾಲ್ಕನೇ ಗೂಡು ಕೊಡಿಸಿದೆ. ಸೊಂಟದ ಎತ್ತರಕ್ಕೆ ಬರುತ್ತದೆ, ಬಗ್ಗಬೇಕಿಲ್ಲ, ನಿಲುಕಬೇಕಿಲ್ಲ. ಅವಳು ಒಳಗಿಟ್ಟು, ಬೀಗ ಹಾಕಿ, ಕೀಲಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು.

ಅದೇ ವಾರ ಮನೆಯ ಮೆಟ್ಟಿಲ ಮೇಲೆ ಮಳೆನೀರಿಗೆ ಜಾರಿ ಬಿದ್ದು ಕಾಲು ಮುರಿದುಕೊಂಡಳು. ಚಿಕ್ಕಪ್ಪನ ಮಕ್ಕಳು ಬಂದು, ನಾವು ಶ್ರೀರಂಗಪಟ್ಟಣಕ್ಕೆ ಹೋಗಿ ಬಿಟ್ಟು ಬರ್ತೀವಿ, ಕೀಲಿ ಕೊಡು ಎಂದರು. ಇವಳು ಕೊಡಲಿಲ್ಲ. "ನಾನೇ ಇಟ್ಟಿದ್ದು, ನಾನೇ ಬಿಡ್ತೀನಿ. ಅಮ್ಮಂಗೆ ಮಾತು ಕೊಟ್ಟಿದೀನಿ." ಆಷಾಢ ಕಳೆಯಿತು, ಶ್ರಾವಣ ಕಳೆಯಿತು. ನಾನು ವಾರಕ್ಕೊಮ್ಮೆ ಹೋಗಿ ಮಂಚದ ಪಕ್ಕ ಕೂರುತ್ತಿದ್ದೆ. ಹೋದಾಗಲೆಲ್ಲ ಅವಳದು ಒಂದೇ ಪ್ರಶ್ನೆ.

"ಅಮ್ಮ ಹೇಗಿದಾರೆ?"

"ನನ್ನ ಬೀರಲ್ಲಿದಾರೆ ಕಣೇ, ನಿಶ್ಚಿಂತೆಯಾಗಿರು."

ಒಂದು ದಿನವಾದರೂ ಹೋಗಿ ನೋಡಿದೆನಾ? ಇಲ್ಲ. ಶೆಡ್ಡಿನಿಂದ ನಡೆದು ಹೋದರೆ ಹತ್ತು ನಿಮಿಷದ ದಾರಿ.

ಭಾದ್ರಪದದ ಮೊದಲಿಗೆ ಅವಳು ವಾಕರ್ ಹಿಡಿದು ನಡೆಯುವ ಹಾಗಾದಳು. ಹೊಳೆಗೆ ಹೋಗಲು ಕಾರು ಗೊತ್ತು ಮಾಡಿಕೊಂಡು, ಸ್ನಾನ ಮಾಡಿ, ಅಮ್ಮನದೇ ಒಂದು ಹಳೆಯ ಹತ್ತಿ ಸೀರೆ ಉಟ್ಟು ಬಂದಳು. ನಾನೂ ಹೋದೆ. ಹದಿನಾಲ್ಕರ ಬೀಗಕ್ಕೆ ಕೀಲಿ ಹಾಕಿದಳು. ತಿರುಗಲಿಲ್ಲ. ನಾನು ತಿರುಗಿಸಿದೆ. ಊಹೂಂ.

ರುದ್ರಭೂಮಿಯ ಕಾವಲಿನ ಮುದುಕ ಹತ್ತಿರ ಬಂದ. "ಇದೊಂದೇ ಅಲ್ಲ ಕಣಮ್ಮ, ನಾಲ್ಕೈದು ಹಿಂಗೇ ಹಿಡ್ಕಂಡವೆ. ನಿಮಗೆ ಹೇಳ್ಕಳ್ಸಿ ಅಂದೆ. ಅಮ್ಮಾವ್ರು ಕೋಪ ಮಾಡ್ಕತಾರೆ, ಸದ್ಯಕ್ಕೆ ಬ್ಯಾಡ ಅಂದ್ರು ಸಮಿತಿ ಹಿರೇರು."

ಅಷ್ಟು ಸಾಕಾಯಿತು ನನಗೆ. ನನ್ನ ಕೋಪಕ್ಕೆ ಹೆದರಿ ನನ್ನ ಬೀರು ಕೆಟ್ಟದ್ದನ್ನು ನನಗೇ ಮುಚ್ಚಿಟ್ಟಿದ್ದಾರೆ! ಅವಮಾನಕ್ಕೆ ಕಿವಿ ಬಿಸಿಯಾಯಿತು. ಆ ಮುದುಕ ಹಾರೆ ತಂದು ಬಾಗಿಲ ಸಂದಿಗೆ ಮೆಲ್ಲಗೆ ಕೊಡುತ್ತಿದ್ದ. "ಕೊಡಿ ಇಲ್ಲಿ" ಎಂದು ಕಿತ್ತುಕೊಂಡು ನಾನೇ ಮೀಟಿದೆ. ತುಕ್ಕು ಹಿಡಿದ ಬಾಗಿಲು ಒಮ್ಮೆಗೇ ಹಾರಿಬಂತು. ಒಳಗೆ ತಗಡಿಗೆ ಅಂಟಿಕೊಂಡಿದ್ದ ಮಡಕೆಯೂ ಅದರ ಹಿಂದೆಯೇ ಬಂದು ಅವಳ ಕಾಲ ಬಳಿ ಬಿದ್ದು ಒಡೆಯಿತು.

ಅವಳು ವಾಕರನ್ನು ಪಕ್ಕಕ್ಕೆ ಸರಿಸಿದಳು. ಗೋಡೆ ಹಿಡಿದು, ಕೆಟ್ಟ ಕಾಲನ್ನು ಮುಂದಕ್ಕೆ ಚಾಚಿ, ಸಿಮೆಂಟ್ ನೆಲದ ಮೇಲೆ ಕೂತಳು. ನಾನು ಕೈ ಮುಂದೆ ಮಾಡಿದೆ.

"ನೀನು ಮುಟ್ಬೇಡ."

ಸೆರಗು ಹಾಸಿ, ಎರಡೂ ಅಂಗೈಯಿಂದ ಒಟ್ಟುಮಾಡಿದಳು. ಕಪ್ಪುಬೂದಿ ಒದ್ದೆಯಾಗಿ ಹಿಟ್ಟಿನ ಹಾಗೆ ನೆಲಕ್ಕೆ ಹಿಡಿದಿತ್ತು, ಅದನ್ನು ಉಗುರಿನಿಂದ ಕೆರೆದು ತೆಗೆದಳು. ಮಡಕೆಯ ಚೂರಿಗೆ ಅಂಟಿದ್ದನ್ನೂ ಬಿಡಲಿಲ್ಲ. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಆಮೇಲೆ ಸೆರಗು ಗಂಟು ಹಾಕಿ, ಮಗುವಿನ ಹಾಗೆ ಮಡಿಲಲ್ಲಿಟ್ಟುಕೊಂಡು, ಡ್ರೈವರಿನ ತೋಳು ಹಿಡಿದು ಎದ್ದಳು.

"ನಾನೂ ಬರ್ತೀನಿ ಕಣೇ" ಎಂದೆ.

"ಬೇಡ."

ಕಾರು ಹೋಯಿತು. ಆಮೇಲೆ ಅವಳು ನನ್ನ ಫೋನ್ ಎತ್ತಲಿಲ್ಲ. ಮಲ್ಲೇಶ್ವರಕ್ಕೆ ಹೋದರೆ ಅವಳ ಮಗಳು ಬಾಗಿಲಿಗೆ ಬಂದು, "ಅಮ್ಮ ಮಲಗಿದಾರೆ ಆಂಟಿ" ಎಂದಳು. ಬೆಳಿಗ್ಗೆ ಹನ್ನೊಂದು ಗಂಟೆಗೆ ಮಲಗುವ ಜಾತಿಯವಳಲ್ಲ ಅವಳು, ನನಗೆ ಗೊತ್ತಿಲ್ಲವೇ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ನಾನು ಕಳೆದುಕೊಂಡದ್ದು ಅಡಿಕೆಗಲ್ಲ, ಒಂದು ಬೀಗಕ್ಕೆ. ನಾಲ್ಕು ದಿನ ಊಟ ಸೇರಲಿಲ್ಲ. ಅಳು ಬಂದಷ್ಟೂ ಅತ್ತೆ. ಐದನೇ ದಿನ ಎದ್ದು ತಲೆಗೆ ನೀರು ಹಾಕಿಕೊಂಡು ರುದ್ರಭೂಮಿಗೆ ಹೋದೆ.

ಬೀರುವಿನ ಒಂದೊಂದೇ ಬಾಗಿಲು ತೆಗೆಸಿ ಟಾರ್ಚ್ ಬಿಟ್ಟು ನೋಡಿದೆ. ಬಣ್ಣ ಗುಳ್ಳೆ ಎದ್ದಿತ್ತು. ತಳದಲ್ಲಿ ತುಕ್ಕಿನ ನೀರು ನಿಂತಿತ್ತು. ಹುಳಿ ವಾಸನೆ ಬೇರೆ.

"ಇಷ್ಟು ಬಿಗಿ ಬಾಗಿಲು ಇಟ್ಟಿದೀನಿ, ಒಳಗೆ ನೀರು ಎಲ್ಲಿಂದ ಬಂತು?"

ಕಾವಲಿನ ಮುದುಕ ನನ್ನ ಮುಖವನ್ನೇ ನೋಡಿದ. "ಎಲ್ಲಿಂದ ಬಂತಾ? ಬೂದಿ ತಣಿಯಾಕೆ ನೀರು ಬಿಡ್ತಾರೆ, ಹಾಲು ಬಿಡ್ತಾರೆ, ತುಪ್ಪ ಬಿಡ್ತಾರೆ, ಎಳನೀರೂ ಬಿಡೋರವ್ರೆ. ಒದ್ದೇದೇ ಅಲ್ವಾ ಎತ್ತೋದು. ಮಡಕೆ ಮೂರು ವಾರ ಬೆವರ್ತದೆ. ಮರದಲ್ಲಿದ್ರೆ ಗಾಳಿಗೆ ಒಣಗೋದು. ನಿಮಗೆ ಗೊತ್ತಿಲ್ವಾ?"

ಗೊತ್ತಿರಲಿಲ್ಲ. ಹಾಲುತುಪ್ಪ ನಮ್ಮಲ್ಲೂ ಬಿಡುತ್ತೇವೆ, ಗದ್ದಿಗೆಯ ಮೇಲೆ. ಅಪ್ಪನಿಗೆ ನಾನೇ ತಂಬಿಗೆ ಹಿಡಿದು ಬಿಟ್ಟಿದ್ದೆ. ಬಿಟ್ಟದ್ದೆಲ್ಲವನ್ನೂ ಮಣ್ಣು ಕುಡಿಯಿತು, ನಾವು ಮನೆಗೆ ಬಂದೆವು. ತಗಡು ಕುಡಿಯುವುದಿಲ್ಲ ಎಂದು ತಗಡಿನಲ್ಲೇ ಹುಟ್ಟಿ ಬೆಳೆದ ನನಗೆ ಹೊಳೆಯಲಿಲ್ಲವಲ್ಲ, ಅಯ್ಯೋ ಶಿವನೇ! ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು.

ನೇರ ಹಿರಿಯರ ಮನೆಗೆ ಹೋದೆ. ಆ ಬೀರು ಎತ್ತಿಸಿಬಿಡುತ್ತೇನೆ, ಹೊಸದು ಮಾಡಿಕೊಡುತ್ತೇನೆ ಎಂದೆ. ಅವರು ಕೊಡೆಯ ಹಿಡಿಯನ್ನು ಸವರುತ್ತಾ, "ಹೋಗ್ಲಿ ಬಿಡಮ್ಮ. ಸಮಿತಿಯವರು ಈ ಸಲ ಬಿಳಿ ಮಾರ್ಬಲ್ಲಲ್ಲಿ ಮಾಡ್ಸೋಣ ಅಂತಿದಾರೆ, ದೇವಸ್ಥಾನದ ಥರ ಚೆನ್ನಾಗಿರುತ್ತೆ" ಎಂದರು.

"ಮಾರ್ಬಲ್ ಹಾಲು ಕುಡಿಯುತ್ತಾ ಇಲ್ವಾ, ಯಾರಾದ್ರೂ ನೋಡಿದೀರಾ?"

"ಅಂದ್ರೆ?"

"ನಲವತ್ತು ದಿನ ಕೊಡಿ ಸ್ವಾಮಿ. ಅಲ್ಲೀವರೆಗೆ ಯಾರಿಗೂ ಆರ್ಡರ್ ಕೊಡ್ಬೇಡಿ. ನಾನು ಮಾಡಿದ ತಪ್ಪು, ನಾನೇ ಸರಿ ಮಾಡ್ಬೇಕು."

ಅವರು ಒಪ್ಪಿದರೋ, ನನ್ನ ಕೋಪಕ್ಕೆ ಹೆದರಿದರೋ, ಆಗಲಿ ಎಂದರು.

ಬಸವನಗುಡಿಯ ನಮ್ಮ ಮನೆಯ ತಾರಸಿಯಲ್ಲಿ ಎಂಟು ಸ್ಯಾಂಪಲ್ ಸಾಲಾಗಿ ಇಟ್ಟೆ. ಬೀರುವಿನ ತಗಡು, ಜಿಐ ಶೀಟು, ಅಲ್ಯೂಮಿನಿಯಂ, ಮರದ ಹಲಗೆ, ಬಿಳಿ ಮಾರ್ಬಲ್, ಕಡಪ ಕಲ್ಲು, ಸ್ಟೇನ್‌ಲೆಸ್ ಸ್ಟೀಲು, ನುಣುಪು ಮಾಡಿಸಿದ ಸಾದರಹಳ್ಳಿಯ ಬೂದು ಗ್ರಾನೈಟು. ಪೇಟೆಯ ಕಡಲೆಪುರಿ ಹುರಿಯುವ ಭಟ್ಟಿಯಿಂದ ಒಂದು ಚೀಲ ಸೌದೆ ಬೂದಿ ತಂದೆ. ಭಟ್ಟಿಯವನು, "ಪಾತ್ರೆ ಉಜ್ಜೋಕಾ ಮೇಡಂ? ಇಷ್ಟೊಂದಾ?" ಎಂದ. ಹೂಂ ಎಂದೆ, ಇನ್ನೇನು ಹೇಳಲಿ. ಎಂಟು ಹೊಸ ಮಡಕೆಗೆ ಬೂದಿ ತುಂಬಿ, ನೀರು, ಹಾಲು, ತುಪ್ಪ, ಎಳನೀರು ಬಿಟ್ಟು, ಬಾಯಿಗೆ ಬಟ್ಟೆ ಕಟ್ಟಿ, ಒಂದೊಂದು ಸ್ಯಾಂಪಲ್ಲಿನ ಮೇಲೆ ಒಂದೊಂದು ಮಡಕೆ ಕೂರಿಸಿದೆ.

ನಮ್ಮ ಯಜಮಾನರು ಬಟ್ಟೆ ಒಣಹಾಕಲು ಮೇಲೆ ಬಂದವರು ಅಲ್ಲೇ ನಿಂತುಬಿಟ್ಟರು. "ಏನೇ ಇದು? ಮನೆ ಮೇಲೇ ಸ್ಮಶಾನ ಮಾಡ್ಕೊಂಡಿದೀಯಲ್ಲೇ!"

"ಪುರಿ ಭಟ್ಟಿ ಬೂದಿ ರೀ, ನಿಮ್ಮ ಪೂರ್ವಿಕರದ್ದಲ್ಲ. ಬನಿಯನ್ ಆ ಕಡೆ ಹಾಕಿ."

ಮರುದಿನದಿಂದ ಅವರೇ ನನಗಿಂತ ಮೊದಲು ಹೋಗಿ ನೋಡಿ ಬಂದು ವರದಿ ಒಪ್ಪಿಸುತ್ತಿದ್ದರು. "ಅಲ್ಯೂಮಿನಿಯಂ ನೊರೆ ಕಾರಿದೆ ಕಣೇ." ಹೌದು, ಮೂರನೇ ದಿನಕ್ಕೇ ಬೂದಿನೀರು ತಾಗಿದ ಕಡೆ ಬಿಳಿಪುಡಿ ಎದ್ದು ಗುಂಡಿ ಬಿದ್ದಿತು. ಜಿಐ ಶೀಟು ಹದಿನೈದು ದಿನಕ್ಕೆ ಸೋತಿತು. ಹಲಗೆ ಊದಿಕೊಂಡಿತು, ಅದಕ್ಕೆ ಇರುವೆಗಳ ಜಾತ್ರೆ. ಮಾರ್ಬಲ್ ಸದ್ದಿಲ್ಲದೆ ಹಾಲು ತುಪ್ಪ ಕುಡಿದು ಹಳದಿಯಾಯಿತು. ಕಡಪ ಕಲ್ಲಿಗೆ ಹುಳಿ ತಾಗಿ ಬೆಳ್ಳಗೆ ಕಲೆ ಬಿತ್ತು. ಸ್ಟೀಲು ಚೆನ್ನಾಗಿಯೇ ಇತ್ತು, ಬೆಸುಗೆ ಹಾಕಿದ ಮೂಲೆಯಲ್ಲಿ ಮಾತ್ರ ಕಂದು ಚುಕ್ಕೆ. ಸಾದರಹಳ್ಳಿ ಕಲ್ಲನ್ನು ಒಂದು ತಂಬಿಗೆ ನೀರು ಹಾಕಿ ಒರೆಸಿದರೆ, ನಿನ್ನೆ ತಂದಿಟ್ಟ ಹಾಗಿತ್ತು.

ಗೆಳತಿಗೆ ದಿನಾ ಫೋಟೊ ಕಳಿಸುತ್ತಿದ್ದೆ. ಕೆಳಗೆ ಏನೂ ಬರೆಯುತ್ತಿರಲಿಲ್ಲ. ನೋಡಿದಳು ಎಂದು ನೀಲಿ ಗುರುತು ಬರುತ್ತಿತ್ತು, ಉತ್ತರ ಬರುತ್ತಿರಲಿಲ್ಲ. ನೋಡುತ್ತಿದ್ದಾಳಲ್ಲ, ಅಷ್ಟೇ ಸಾಕು ಎಂದು ಹಿಡಿದ ಪಟ್ಟು ಬಿಡದೆ ಕಳಿಸಿದೆ.

ಬೆಳಿಗ್ಗೆ ರುದ್ರಭೂಮಿಗೂ ಹೋಗಿ ಕೂರುತ್ತಿದ್ದೆ. "ಹೆಂಗಸರು ಇಲ್ಲಿ ಕೂರಬಾರದು" ಎಂದು ಒಬ್ಬರು ಗದರಿದರು. "ಕೂರದೆ ಮಾಡಿದ್ದಕ್ಕೇ ಈ ಗತಿ ಬಂದಿರೋದು" ಎಂದೆ. ಮೂರನೇ ದಿನದವರು ಬಂದು ಕಾಲ ಕಡೆಯಿಂದ ಶುರುಮಾಡಿ ತಲೆಯವರೆಗೆ ಒಂದೊಂದೇ ಚೂರು ಆರಿಸುವುದನ್ನು ನೋಡಿದೆ. ಮಡಕೆ ಹಿಡಿದವರು ಅದನ್ನು ಇಡಲು ಜಾಗ ಹುಡುಕುವುದಿಲ್ಲ, ಕಟ್ಟಲು ಕೊಂಬೆ ಹುಡುಕುತ್ತಾರೆ. ಮರವಿಲ್ಲ ಎಂದು ಗೊತ್ತಿದ್ದರೂ ಕಣ್ಣು ಮೇಲಕ್ಕೇ ಹೋಗುತ್ತದೆ. ಅದನ್ನು ನೋಡುತ್ತಿದ್ದಾಗ ನನ್ನ ಬೀರುವಿನ ಇನ್ನೊಂದು ತಪ್ಪು ತಿಳಿಯಿತು. ಅವರಿಗೆ ಬೇಕಾಗಿದ್ದದ್ದು ಮಡಕೆ ಕೂರಿಸುವ ಹಲಗೆಯಲ್ಲ, ತೂಗಹಾಕುವ ಕೊಕ್ಕೆ.

ನಲವತ್ತೊಂದನೇ ದಿನ ಸಮಿತಿ ಸೇರಿತು. ಸಾದರಹಳ್ಳಿ ಕಲ್ಲಿನ ಗೂಡು, ಗಾಳಿ ಆಡುವ ಜಾಲರಿ ಬಾಗಿಲು ಎಂದು ನಕ್ಷೆ ಬರೆದುಕೊಂಡು ಹೋಗಿದ್ದೆ. ಮಾರ್ಬಲ್ ಬೇಕು ಎಂದಿದ್ದ ಅಧ್ಯಕ್ಷರ ಮುಂದೆ, ಕಾಫಿ ಲೋಟದ ಪಕ್ಕಕ್ಕೆ ನನ್ನ ಹಳದಿ ಮಾರ್ಬಲ್ ತುಂಡು ಇಟ್ಟೆ.

"ಇದನ್ನ ಮನೆಗೆ ತಗೊಂಡ್ಹೋಗಿ ತೊಳೆದು ಕೊಡಿ ಸಾರ್. ಬೆಳ್ಳಗಾದ್ರೆ ನಾನು ಬಾಯಿ ಮುಚ್ಕೋತೀನಿ."

ಅವರು ಮೂಸಿ ನೋಡಿ ತಕ್ಷಣ ದೂರ ಇಟ್ಟರು. "ಸರಿ, ಕಲ್ಲು ನಿಮ್ಮಿಷ್ಟ. ಆದ್ರೆ ಬಾಗಿಲು ಯಾಕಮ್ಮ ಜಾಲರಿ? ಕಳ್ಳತನ ಆದ್ರೆ?"

"ಅಸ್ಥಿ ಯಾರು ಸಾರ್ ಕದೀತಾರೆ?"

"ಮಾಟ ಮಾಡೋರು ಇರ್ತಾರಮ್ಮ."

ಆ ಮಾತನ್ನು ನಾನು ನಗುತ್ತಾ ತಳ್ಳಿಹಾಕಲಿಲ್ಲ. ಗಾಳಿಯ ವಿಷಯದಲ್ಲಿ ಒಮ್ಮೆ ಹಾಗೆ ಮಾಡಿ ಅನುಭವಿಸಿದ್ದೆನಲ್ಲ. ಬಾಗಿಲು ಜಾಲರಿಯದೇ ಇರಲಿ, ಬೀಗ ಮಾತ್ರ ಹೊರಗೆ ನೇತಾಡುವ ಹಿತ್ತಾಳೆ ಬೀಗ ಎಂದೆ. ಕೆಟ್ಟರೆ ಕತ್ತರಿಸಿ ಬಿಸಾಕಬಹುದು, ಬಾಗಿಲು ಅಲುಗುವುದಿಲ್ಲ, ಒಳಗಿನ ಮಡಕೆಗೆ ಗೊತ್ತೂ ಆಗುವುದಿಲ್ಲ. ಹಿರಿಯರು ಕೊಡೆ ಊರಿ ಎದ್ದು ನಿಂತು, "ಹಾಗೇ ಮಾಡು ತಾಯಿ" ಎಂದರು.

ಬಸವನಗುಡಿಯಲ್ಲಿ ಕಾರ್ತಿಕದ ಪರಿಷೆಗೆ ಕಡಲೆಕಾಯಿ ರಾಶಿ ಬೀಳುವ ಹೊತ್ತಿಗೆ ಗೂಡುಗಳು ಸಿದ್ಧವಾದವು. ಅದೇ ಇಪ್ಪತ್ತನಾಲ್ಕು, ಅದೇ ನಾಲ್ಕು ಸಾಲು. ತಳ ಸ್ವಲ್ಪ ಹಿಂದಕ್ಕೆ ಇಳಿಜಾರು, ಮೂಲೆಯಲ್ಲಿ ನೀರು ಹೋಗಲು ತೂತು. ಮೇಲ್ಗಲ್ಲಿಗೆ ಸ್ಟೀಲಿನ ಕೊಕ್ಕೆ, ಬೆಸುಗೆ ಇಲ್ಲದೆ ಒಂದೇ ಸರಳನ್ನು ಬಗ್ಗಿಸಿದ್ದು. ಸ್ಟಿಕರ್ ಬೇಡ ಎಂದು ಕನ್ನಡ ಅಂಕಿಗಳನ್ನು ಕಲ್ಲಿನಲ್ಲೇ ಕೊರೆಸಿದೆ. ಗೆಳತಿಗೆ ಅವತ್ತು ಮೊದಲ ಸಲ ಎರಡು ಸಾಲು ಬರೆದೆ: "ಆಯಿತು. ಬಂದು ನೋಡು. ಬೈಯೋದಿದ್ರೆ ಅಲ್ಲೇ ಬೈ."

ಬರುತ್ತಾಳೆಂಬ ನಂಬಿಕೆ ಇರಲಿಲ್ಲ. ಬಂದಳು. ವಾಕರ್ ಹೋಗಿ ಕೋಲು ಬಂದಿತ್ತು. ನನ್ನ ಮುಖ ನೋಡಲಿಲ್ಲ, ನೇರ ಹದಿನಾಲ್ಕರ ಮುಂದೆ ಹೋಗಿ ನಿಂತಳು. ಪರೀಕ್ಷೆ ಪೇಪರ್ ತಿದ್ದುವಾಗಿನ ಮುಖ, ಅದು ನನಗೆ ಚೆನ್ನಾಗಿ ಗೊತ್ತು. ಬಾಗಿಲನ್ನು ತೆಗೆದು ಹಾಕಿದಳು, ತೆಗೆದು ಹಾಕಿದಳು. ನೀರಿನ ಬಾಟಲಿ ತೆಗೆದು ಗೂಡಿನೊಳಗೆ ಸುರಿದು, ಅದು ಪೂರ್ತಿ ಇಳಿದುಹೋಗುವವರೆಗೆ ಕಾದಳು. ಬೆರಳಿನಿಂದ ತಳ ಸವರಿ ನೋಡಿದಳು. ಆಮೇಲೆ ಹೆಗಲ ಬ್ಯಾಗನ್ನು ಕೊಕ್ಕೆಗೆ ಸಿಕ್ಕಿಸಿ, ಕೈಯಿಂದ ತೂಗಿಬಿಟ್ಟಳು.

"ಎಷ್ಟು ಭಾರ ತಡೆಯುತ್ತೆ ಇದು?"

ಮೂರು ತಿಂಗಳಲ್ಲಿ ಅವಳು ನನ್ನ ಹತ್ತಿರ ಆಡಿದ ಮೊದಲ ಮಾತು. ನನ್ನ ಬಾಯಿ ಸುಮ್ಮನಿರಬೇಕಲ್ಲ. "ನಿನ್ನನ್ನೇ ತೂಗಹಾಕ್ಬಹುದು" ಎಂದುಬಿಟ್ಟೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ.

"ಅದಕ್ಕೇ ಕೇಳಿದ್ದು" ಎಂದಳು. ಬ್ಯಾಗ್ ಇನ್ನೂ ತೂಗುತ್ತಿತ್ತು. "ನಂದು ಬಂದಾಗ ಇದೇ ಗೂಡಲ್ಲಿ ಇಡ್ಲಿ. ನನ್ನ ಮಗಳಿಗೆ ಹೇಳಿಟ್ಟಿರ್ತೀನಿ, ಆಂಟಿ ಮಾಡಿದ್ದು, ಬೇರೆ ಕಡೆ ಹೋಗ್ಬೇಡ ಅಂತ."

"ಥೂ, ಬಿಡ್ತು ಅನ್ನು!"

"ಯಾಕೆ ಬಿಡ್ತು ಅನ್ಲಿ? ಕಲ್ಲು ಚೆನ್ನಾಗಿದೆ."

ನನಗೆ ತಡೆಯಲಾಗಲಿಲ್ಲ. ಆ ಹದಿನಾಲ್ಕನೇ ಗೂಡಿಗೆ ತಲೆ ಆನಿಸಿ ಜೋರಾಗಿ ಅತ್ತುಬಿಟ್ಟೆ. ತಪ್ಪಾಯ್ತು ಕಣೇ, ಅಮ್ಮನ್ನ ನೆಲಕ್ಕೆ ಹಾಕ್ಬಿಟ್ಟೆ, ತಪ್ಪಾಯ್ತು ಎಂದೆ. ಮೂರು ತಿಂಗಳಿಂದ ಗಂಟಲಲ್ಲಿದ್ದ ಮಾತು ಅದು.

ಅವಳು ನನ್ನ ಬೆನ್ನ ಮೇಲೆ ಕೈ ಇಟ್ಟಳು. "ಅವತ್ತು ಕಾರಲ್ಲಿ ಅಮ್ಮ ಹೊಳೆವರೆಗೂ ನನ್ನ ಮಡಿಲಲ್ಲೇ ಇದ್ರು. ಮಡಕೆ ಒಡೀದೇ ಇದ್ರೆ ಡಿಕ್ಕಿಲಿ ಇಡ್ತಿದ್ದೆ" ಎಂದಳು. ಆಮೇಲೆ ಬ್ಯಾಗ್ ಇಳಿಸಿಕೊಂಡು, ಬಾಗಿಲು ಹಾಕಿ, ಹಿತ್ತಾಳೆ ಬೀಗ ಒತ್ತಿ, ಕೀಲಿಯನ್ನು ನನ್ನ ಕೈಯಲ್ಲಿಟ್ಟಳು.